ಟ್ಯಾಂಕಿನ ಉಸಿರು, ಪೈಪಿನ ದಾರಿ

ಮೋಟಾರ್ ಸೈಕಲಿನ ಪೆಟ್ರೋಲ್ ಟ್ಯಾಂಕು ಉಸಿರಾಡುತ್ತದೆ ಎಂದರೆ ನಿಮಗೆ ನಗು ಬರಬಹುದು. ಆದರೆ ಮಾತು ನಿಜ. ರಾತ್ರಿ ತಂಪೇರಿದಂತೆ ಅದು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಗಲು ಬಿಸಿಲೇರಿದಂತೆ ಪೆಟ್ರೋಲಿನ ಆವಿಯನ್ನು ಹೊರಕ್ಕೆ ಬಿಡುತ್ತದೆ. ಗಾಡಿ ಓಡುವಾಗ ಎಷ್ಟು ಪೆಟ್ರೋಲು ಖರ್ಚಾಗುತ್ತದೆಯೋ ಅಷ್ಟೇ ಜಾಗವನ್ನು ತುಂಬಲು ಗಾಳಿ ಒಳಗೆ ಬರಬೇಕು. ಈ ಉಸಿರಾಟ ನಡೆಯುವುದು ಒಂದು ಸಣ್ಣ ರಬ್ಬರ್ ಪೈಪಿನ ಮೂಲಕ. ಕಿರುಬೆರಳಿಗಿಂತ ತೆಳ್ಳಗಿನ ಈ ಪೈಪನ್ನು ಕೊಂಡ ದಿನದಿಂದ ಮಾರುವ ದಿನದವರೆಗೂ ನೋಡದ ಸವಾರರು ನಮ್ಮಲ್ಲಿ ಬಹಳ ಮಂದಿ.

ಇತ್ತೀಚಿನ ವರ್ಷಗಳಲ್ಲಿ ಹಲವು ತರುಣರು ತಮ್ಮ ಗಾಡಿಯಿಂದ ‘ಕ್ಯಾನಿಸ್ಟರ್’ ಎಂಬ ಡಬ್ಬಿಯನ್ನು ತೆಗೆಸಿಹಾಕುತ್ತಿದ್ದಾರೆ. ಡಬ್ಬಿ ಹೋಗುತ್ತದೆ, ಅದಕ್ಕೆ ಸೇರಿದ್ದ ಪೈಪುಗಳು ಉಳಿಯುತ್ತವೆ. ಆ ಪೈಪುಗಳ ಗತಿಯೇನು? ಯಾವುದನ್ನು ಮುಚ್ಚಬೇಕು, ಯಾವುದನ್ನು ತೆರೆದಿಡಬೇಕು, ತೆರೆದ ತುದಿ ಎಲ್ಲಿರಬೇಕು? ಇಂದಿನ ಮಾತು ಇದರ ಬಗ್ಗೆ. ನೀವೇ ತೆಗೆಸಿರದಿದ್ದರೂ, ಹಳೆಯ ಗಾಡಿಯನ್ನು ಕೊಂಡವರಾಗಿದ್ದರೆ ಈ ಮಾತು ನಿಮಗೂ ಬೇಕಾದದ್ದೇ.

ಮೊದಲು ಸ್ವಲ್ಪ ವಿಜ್ಞಾನ. ಪೆಟ್ರೋಲು ಬಿಸಿಯಾದರೆ ಹಿಗ್ಗುತ್ತದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಪ್ರತಿ ಲೀಟರು ಹತ್ತಿರ ಹತ್ತಿರ ಒಂದು ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಹನ್ನೆರಡು ಲೀಟರಿನ ಟ್ಯಾಂಕನ್ನು ಬೆಳಿಗ್ಗೆ ಕಂಠಪೂರ್ತಿ ತುಂಬಿಸಿ ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿದಿರಿ ಎನ್ನೋಣ. ಉಷ್ಣತೆ ಇಪ್ಪತ್ತು ಡಿಗ್ರಿ ಏರಿದರೆ ಸುಮಾರು ಕಾಲು ಲೀಟರು ಪೆಟ್ರೋಲಿಗೆ ಟ್ಯಾಂಕಿನಲ್ಲಿ ಜಾಗವೇ ಇರುವುದಿಲ್ಲ. ಅದು ಪೈಪು ಹಿಡಿದು ಹೊರಗೆ ಬರುತ್ತದೆ. ಇದು ದ್ರವದ ಮಾತಾಯಿತು. ಟ್ಯಾಂಕು ಅರ್ಧ ಖಾಲಿಯಿದ್ದಾಗ ಮೇಲಿನ ಜಾಗವನ್ನೆಲ್ಲ ಗಾಳಿ ಮತ್ತು ಪೆಟ್ರೋಲಿನ ಆವಿ ತುಂಬಿಕೊಂಡಿರುತ್ತವೆ. ಒಂದು ಹಗಲಿನ ಬಿಸಿಗೆ ಅಲ್ಲಿಂದ ಕೆಲವು ಗ್ರಾಂ ಆವಿ ಹೊರಬೀಳುತ್ತದೆ.

ಕೆಲವು ಗ್ರಾಂ ತಾನೇ ಎಂದು ಸುಮ್ಮನಾಗಬೇಡಿ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಒಂದೂವರೆ ಪಾಲಿನಷ್ಟಿದ್ದರೆ ಸಾಕು, ಆ ಮಿಶ್ರಣ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿದರೆ, ಒಂದೇ ಒಂದು ಗ್ರಾಂ ಆವಿ ಸುಮಾರು ಇಪ್ಪತ್ತೈದು ಲೀಟರು ಗಾಳಿಯನ್ನು ಹೊತ್ತಿಕೊಳ್ಳುವಂತೆ ಮಾಡಬಲ್ಲದು. ಎಂದರೆ ಹತ್ತಿರ ಹತ್ತಿರ ಎರಡು ಕೊಡ. ಅದೂ ಅಲ್ಲದೆ ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲಕ್ಕೆ ಏರುವುದಿಲ್ಲ. ನೀರಿನಂತೆ ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ.

ದೂರದರ್ಶನದ ಕಾರ್ಯಕ್ರಮಗಳನ್ನು ರೂಪಿಸುವ ನನ್ನಂಥವನಿಗೆ ಇಲ್ಲೊಂದು ತೊಡಕಿದೆ. ಸೈಲೆನ್ಸರಿನ ಹೊಗೆಯನ್ನು ಕ್ಯಾಮೆರಾ ಸುಲಭವಾಗಿ ಹಿಡಿಯುತ್ತದೆ. ಪೆಟ್ರೋಲಿನ ಆವಿ ಅದಕ್ಕೆ ಕಾಣುವುದಿಲ್ಲ. ಬಂಕಿನಲ್ಲಿ ಪೆಟ್ರೋಲು ಹಾಕಿಸುವಾಗ ಬಿಸಿಲು ಓರೆಯಾಗಿ ಬೀಳುತ್ತಿದ್ದರೆ ನೆಲದ ಮೇಲಿನ ನೆರಳನ್ನು ಗಮನಿಸಿ. ಟ್ಯಾಂಕಿನ ಬಾಯಿಯ ಹತ್ತಿರ ಏನೋ ನಡುಗುತ್ತಿರುವಂತೆ ತೋರುತ್ತದೆ. ಅದೇ ಆವಿ. ಕಣ್ಣಿಗೆ ಅದು ಕಾಣುವುದು ಇಷ್ಟೇ. ಕಾಣದ ವಸ್ತುವಿನ ಬಗ್ಗೆ ಎಚ್ಚರ ಹುಟ್ಟುವುದು ಕಷ್ಟ. ಆದ್ದರಿಂದಲೇ ಇಷ್ಟು ಪೀಠಿಕೆ.

ಹಿಂದಿನ ಕಾಲದ ಗಾಡಿಗಳಲ್ಲಿ ಈ ಉಸಿರಾಟಕ್ಕೆ ಪೈಪೇ ಇರಲಿಲ್ಲ. ಟ್ಯಾಂಕಿನ ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರ, ಅಷ್ಟೇ. ಆವಿ ನೇರವಾಗಿ ಗಾಳಿಗೆ ಸೇರುತ್ತಿತ್ತು. ಇದನ್ನು ಹಿಡಿದಿಡಬೇಕೆಂದು ಮೊದಲು ಪಟ್ಟುಹಿಡಿದದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ. ಅಲ್ಲಿನ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣುರಿಸುವ ಮಬ್ಬು ಕವಿಯುತ್ತಿತ್ತು. ಸುಡದೆ ಹೊರಬಿದ್ದ ಪೆಟ್ರೋಲಿನ ಆವಿ ಮತ್ತು ನೈಟ್ರೋಜನ್ನಿನ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಜೋನ್ ಆಗುವುದೇ ಇದಕ್ಕೆ ಕಾರಣವೆಂದು ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅಲ್ಲಿ ಕಾರುಗಳಿಗೆ 1970ರಿಂದ, ಮೋಟಾರ್ ಸೈಕಲುಗಳಿಗೆ 1980ರ ದಶಕದಿಂದ ಆವಿ ಹಿಡಿಯುವ ಏರ್ಪಾಟು ಕಡ್ಡಾಯವಾಯಿತು. ಆ ದೇಶದ ಉಳಿದ ರಾಜ್ಯಗಳಲ್ಲಿ ಮೋಟಾರ್ ಸೈಕಲಿಗೆ ಈ ಕಡ್ಡಾಯ ಇರಲಿಲ್ಲ.

ನಮ್ಮ ದೇಶದಲ್ಲಿ 2017ರ ಏಪ್ರಿಲ್ 1ರಿಂದ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನಕಗಳು ದ್ವಿಚಕ್ರ ವಾಹನಗಳಿಗೆ ಅನ್ವಯವಾದವು. ಇವು ಸೈಲೆನ್ಸರಿನ ಹೊಗೆಯ ಜೊತೆಗೆ ಟ್ಯಾಂಕಿನ ಆವಿಗೂ ಮಿತಿ ಹಾಕಿದವು. ಬಿಎಸ್-6ರಲ್ಲಿ ಆ ಮಿತಿ ಒಂದು ಪರೀಕ್ಷೆಗೆ ಒಂದೂವರೆ ಗ್ರಾಂ ಮಾತ್ರ.

ಈ ಮಿತಿಯನ್ನು ಪಾಲಿಸಲು ಬಂದದ್ದೇ ಕ್ಯಾನಿಸ್ಟರ್. ಕಪ್ಪು ಪ್ಲಾಸ್ಟಿಕ್ಕಿನ ಈ ಡಬ್ಬಿಯೊಳಗೆ ಇರುವುದು ಸಕ್ರಿಯ ಇಂಗಾಲ, ಎಂದರೆ ವಿಶೇಷವಾಗಿ ಹದಮಾಡಿದ ಇದ್ದಿಲು. ನಮ್ಮ ಮನೆಯ ನೀರಿನ ಫಿಲ್ಟರಿನಲ್ಲಿ ಇರುವುದೂ ಇದೇ ಜಾತಿಯದು. ನಮ್ಮ ತೆಂಗಿನ ಕರಟದಿಂದಲೂ ಇದನ್ನು ತಯಾರಿಸುತ್ತಾರೆ. ಇದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹರಡಿದರೆ ಹಲವು ನೂರು ಚದರ ಮೀಟರು ಆಗುತ್ತದೆ. ಪೆಟ್ರೋಲಿನ ಆವಿ ಈ ಮೈಗೆ ಅಂಟಿಕೊಳ್ಳುತ್ತದೆ. ಇದಕ್ಕೆ ವಿಜ್ಞಾನದಲ್ಲಿ ಅಧಿಶೋಷಣೆ ಎಂದು ಹೆಸರು. ಎಂಜಿನ್ ಚಾಲೂ ಆದ ಮೇಲೆ ಅದರ ಸೆಳೆತಕ್ಕೆ ಹೊರಗಿನ ಗಾಳಿ ಡಬ್ಬಿಯ ಮೂಲಕ ಹಾದು, ಅಂಟಿದ್ದ ಆವಿಯನ್ನು ಬಿಡಿಸಿಕೊಂಡು ಎಂಜಿನ್ನಿಗೆ ಹೋಗಿ ಉರಿಯುತ್ತದೆ. ನೀವು ಕಾಸು ಕೊಟ್ಟು ಕೊಂಡ ಪೆಟ್ರೋಲು ನಿಮ್ಮ ಕೆಲಸಕ್ಕೇ ಬಂದ ಹಾಗಾಯಿತು.

ಹಾಗಾದರೆ ಇದನ್ನು ತೆಗೆಸುವುದೇಕೆ? ಡಬ್ಬಿ ನೋಡಲು ಚೆನ್ನಾಗಿಲ್ಲ ಎನ್ನುವವರಿದ್ದಾರೆ. ತೆಗೆದರೆ ಪಿಕಪ್ಪು ಹೆಚ್ಚುತ್ತದೆ, ಮೈಲೇಜು ಬರುತ್ತದೆ ಎನ್ನುವವರಿದ್ದಾರೆ. ಇದಕ್ಕೆ ಆಧಾರವಿಲ್ಲ. ಸರಿಯಾಗಿರುವ ಕ್ಯಾನಿಸ್ಟರ್ ಎಂಜಿನ್ನಿನ ಶಕ್ತಿಯನ್ನು ಕದಿಯುವುದಿಲ್ಲ. ಪೆಟ್ರೋಲಿನ ವಾಸನೆ ಬರುತ್ತದೆ, ಗಾಡಿ ಸರಿಯಾಗಿ ಸ್ಟಾರ್ಟ್ ಆಗುವುದಿಲ್ಲ ಎಂಬ ದೂರು ಮಾತ್ರ ಕೆಲವೊಮ್ಮೆ ನಿಜ. ಅದರ ಮೂಲ ಬಹಳ ಸಲ ಬಂಕಿನಲ್ಲಿದೆ. ಟ್ಯಾಂಕಿನ ಬಾಯಿಯವರೆಗೂ ತುಂಬಿಸಿದರೆ ಆವಿಯ ಬದಲು ದ್ರವವೇ ಡಬ್ಬಿಗೆ ಹರಿದು ಇದ್ದಿಲನ್ನು ತೋಯಿಸುತ್ತದೆ. ತೋಯ್ದ ಇದ್ದಿಲು ತನ್ನ ಕೆಲಸ ಮಾಡದು. ಬಾಯಿಯ ಒಳಗಿನ ಕೊರಳಿನ ಕೆಳ ಅಂಚನ್ನು ಪೆಟ್ರೋಲು ಮುಟ್ಟುತ್ತಲೇ ಬಂಕಿನ ಹುಡುಗನಿಗೆ ‘ಸಾಕು’ ಎನ್ನಿ. ಈ ಒಂದು ಮಾತಿನಿಂದ ಎಷ್ಟೋ ಡಬ್ಬಿಗಳು ಉಳಿಯುತ್ತವೆ.

ಇನ್ನು ಪೈಪುಗಳಿಗೆ ಬರೋಣ. ಟ್ಯಾಂಕಿನ ಅಡಿಯಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ಪೈಪುಗಳು ಇಳಿದಿರುತ್ತವೆ. ಒಂದು ನೀರಿನ ಪೈಪು: ಮುಚ್ಚಳದ ಸುತ್ತಲಿನ ತಗ್ಗಿನಲ್ಲಿ ನಿಂತ ಮಳೆನೀರನ್ನು ನೆಲಕ್ಕೆ ಬಿಡುವಂಥದು. ಇದಕ್ಕೂ ಪೆಟ್ರೋಲಿಗೂ ಸಂಬಂಧವಿಲ್ಲ. ಇನ್ನೊಂದು ಉಸಿರಿನ ಪೈಪು: ಟ್ಯಾಂಕಿನ ಒಳಗೆ ಮೇಲ್ಭಾಗದಿಂದ ಹೊರಟು ಕ್ಯಾನಿಸ್ಟರಿಗೆ ಹೋಗುವಂಥದು. ಎರಡೂ ನೋಡಲು ಅವಳಿ-ಜವಳಿ. ಗುರುತಿಸುವುದು ಸುಲಭ. ಮುಚ್ಚಳವನ್ನು ಭದ್ರವಾಗಿ ಹಾಕಿ, ಅದರ ಅಂಚಿಗೆ ಎರಡು ಚಮಚ ನೀರು ಸುರಿಯಿರಿ. ನೀರು ಯಾವುದರಿಂದ ಇಳಿಯುತ್ತದೆಯೋ ಅದು ನೀರಿನ ಪೈಪು. ಉಳಿದದ್ದು ಉಸಿರಿನದು. ಮೂರನೆಯ ಪೈಪು ಟ್ಯಾಂಕಿನದಲ್ಲ. ಅದು ಕ್ಯಾನಿಸ್ಟರಿನಿಂದ ಎಂಜಿನ್ನಿನ ಗಾಳಿ ದಾರಿಗೆ, ಎಂದರೆ ಕಾರ್ಬ್ಯುರೇಟರಿಗೋ ಥ್ರಾಟಲ್ ಬಾಡಿಗೋ ಹೋಗುವ ಸೆಳೆತದ ಪೈಪು.

ಡಬ್ಬಿ ತೆಗೆದ ಮೇಲೆ ಗ್ಯಾರೇಜುಗಳಲ್ಲಿ ನಡೆಯುವ ತಪ್ಪುಗಳು ಮುಖ್ಯವಾಗಿ ಮೂರು.

ಮೊದಲನೆಯದು, ಉಸಿರಿನ ಪೈಪಿಗೆ ಸ್ಕ್ರೂ ತುರುಕಿಯೋ ಎಂ-ಸೀಲ್ ಮೆತ್ತಿಯೋ ಮುಚ್ಚಿಬಿಡುವುದು. ಪೆಟ್ರೋಲು ಸೋರಬಾರದೆಂಬ ಸದುದ್ದೇಶ. ಫಲ ಮಾತ್ರ ಕೆಟ್ಟದ್ದು. ಗಾಳಿ ಒಳಬರದೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗುತ್ತದೆ. ಕಾರ್ಬ್ಯುರೇಟರಿನ ಗಾಡಿ ಕೆಲವು ಮೈಲಿ ಓಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಮುಚ್ಚಳ ತೆರೆದರೆ ‘ಉಸ್’ ಎಂದು ಗಾಳಿ ನುಗ್ಗಿ ಮತ್ತೆ ಓಡುತ್ತದೆ. ಲಾರಿಯೊಂದನ್ನು ಹಿಂದಿಕ್ಕುವ ಹೊತ್ತಿನಲ್ಲಿ ಎಂಜಿನ್ ಬಿದ್ದರೆ ಏನಾದೀತೆಂದು ಯೋಚಿಸಿ. ಪಂಪಿನ ಗಾಡಿಯಲ್ಲಿ ಪಂಪು ಒದ್ದಾಡುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದರೆ ಇದೇ ವ್ಯವಹಾರ ತಿರುಗುಮುರುಗು: ಒಳಗೆ ಒತ್ತಡ ಏರಿ, ಕಾರ್ಬ್ಯುರೇಟರಿನ ಸೂಜಿಯನ್ನು ದಾಟಿ ಪೆಟ್ರೋಲು ಎಂಜಿನ್ನಿಗೇ ಇಳಿದು ಆಯಿಲ್ ಜೊತೆ ಬೆರೆಯಬಹುದು.

ಎರಡನೆಯದು, ಡಬ್ಬಿಯ ಜಾಗದಲ್ಲಿ ಒಂದು ಜೋಡಿಕೆ ಹಾಕಿ ಉಸಿರಿನ ಪೈಪನ್ನು ಸೆಳೆತದ ಪೈಪಿಗೆ ನೇರವಾಗಿ ಸೇರಿಸುವುದು. ಹೀಗೆ ಮಾಡಿದರೆ ಎಂಜಿನ್ ಟ್ಯಾಂಕಿನ ಉಸಿರನ್ನೇ ಹೀರುತ್ತದೆ. ಟ್ಯಾಂಕು ತುಂಬಿದ್ದಾಗ ಆವಿಯ ಜೊತೆ ದ್ರವವೂ ಹೋಗಬಹುದು. ಸೆಳೆತದ ಮೂತಿಯನ್ನು ಮುಚ್ಚದೆ ಬಿಟ್ಟರೂ ತಪ್ಪೇ: ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿ ಐಡ್ಲಿಂಗ್ ಏರುಪೇರಾಗುತ್ತದೆ. ಆ ಮೂತಿಗೆ ಸರಿಯಾದ ಅಳತೆಯ ರಬ್ಬರ್ ಟೋಪಿ ಹಾಕಿ ಕ್ಲಿಪ್ಪು ಬಿಗಿಯಬೇಕು. ಬಿಎಸ್-6 ಗಾಡಿಗಳಲ್ಲಿ ಈ ದಾರಿಯಲ್ಲಿ ವಿದ್ಯುತ್ತಿನ ವಾಲ್ವೊಂದು ಇರಬಹುದು. ಅದರ ವೈರನ್ನು ಬಿಚ್ಚಿದರೆ ಮೀಟರಿನಲ್ಲಿ ಎಂಜಿನ್ ದೀಪ ಹತ್ತಿಕೊಂಡೇ ಇರುತ್ತದೆ. ಆ ದೀಪ ಸದಾ ಉರಿಯುತ್ತಿದ್ದರೆ ನಾಳೆ ನಿಜವಾದ ದೋಷ ಬಂದಾಗ ನಿಮಗೆ ತಿಳಿಯುವುದು ಹೇಗೆ?

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಪೈಪನ್ನು ಗಿಡ್ಡವಾಗಿ ಕತ್ತರಿಸಿ ಟ್ಯಾಂಕಿನ ಅಡಿಯಲ್ಲೇ ಬಿಟ್ಟುಬಿಡುವುದು. ಟ್ಯಾಂಕಿನ ಅಡಿಯಲ್ಲಿ ಏನೇನಿದೆ ಎಂದು ಒಮ್ಮೆ ಬಗ್ಗಿ ನೋಡಿ: ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲು, ಸ್ಪಾರ್ಕ್ ಪ್ಲಗ್ಗಿನ ವೈರು, ಬಿಸಿಯಾದ ಎಂಜಿನ್, ಅದರ ಮುಂದೆ ಸೈಲೆನ್ಸರಿನ ಬೆಂಡ್ ಪೈಪು. ಆ ಬೆಂಡ್ ಪೈಪು ಹಲವು ನೂರು ಡಿಗ್ರಿ ಕಾಯುತ್ತದೆ. ಕಾಲು ಲೀಟರಿನ ಲೆಕ್ಕವನ್ನು ನೆನಪಿಸಿಕೊಳ್ಳಿ. ಆ ಪೆಟ್ರೋಲು ಇಳಿಯುವುದು ಇವುಗಳ ಮೇಲೆ, ಸವಾರನ ಎರಡು ಮೊಣಕಾಲುಗಳ ನಡುವೆ.

ಸರಿಯಾದ ದಾರಿ ಯಾವುದು? ಹೇಳಲು ಸುಲಭ, ಮಾಡಲು ಒಂದು ಗಂಟೆಯ ಕೆಲಸ. ಬಯಲಿನಲ್ಲಿ, ಎಂಜಿನ್ ಆರಿದ ಮೇಲೆ, ಹತ್ತಿರದಲ್ಲಿ ಬೀಡಿ ಸಿಗರೇಟು ಇಲ್ಲದಂತೆ ನೋಡಿಕೊಂಡು ಮಾಡಬೇಕು.

ಪೈಪು ಟ್ಯಾಂಕಿನಿಂದ ಹೊರಟು ಫ್ರೇಮಿನ ಗುಂಟ ಹಿಂದಕ್ಕೆ ಸಾಗಿ, ಎಂಜಿನ್ನಿನ ಹಿಂಬದಿಯಲ್ಲಿ ಕೆಳಗಿಳಿಯಬೇಕು. ತುದಿ ಹಿಂಚಕ್ರದ ಮುಂದೆ, ಸ್ವಿಂಗ್ ಆರ್ಮಿನ ಕೀಲಿನ ಕೆಳಗೆ ಬಯಲಿಗೆ ತೆರೆದಿರಬೇಕು. ನಮ್ಮ ಬಹುಪಾಲು ಗಾಡಿಗಳಲ್ಲಿ ಬಲಕ್ಕೆ ಸೈಲೆನ್ಸರು, ಎಡಕ್ಕೆ ಚೈನು. ಎರಡನ್ನೂ ಮುಟ್ಟದೆ ನಡುವೆ ಇಳಿಯಲಿ. ತುದಿ ಹಿಂದಿನ ಟೈರಿನತ್ತ ಮುಖ ಮಾಡಬಾರದು. ತಿರುವಿನಲ್ಲಿ ಗಾಡಿ ವಾಲಿದಾಗ ಟೈರಿಗೆ ಎರಡು ಹನಿ ಪೆಟ್ರೋಲು ಬಿದ್ದರೆ ಸಾಕು, ಹಿಡಿತ ತಪ್ಪುತ್ತದೆ.

ದಾರಿಯುದ್ದಕ್ಕೂ ಇಳಿಜಾರಿರಲಿ. ನಡುವೆ ಉಯ್ಯಾಲೆಯಂತೆ ಜೋತುಬಿದ್ದರೆ ಆ ತಗ್ಗಿನಲ್ಲಿ ಪೆಟ್ರೋಲೋ ನೀರೋ ನಿಂತು ಪೈಪು ಕಟ್ಟಿದಂತೆಯೇ ಆಗುತ್ತದೆ. ಟ್ಯಾಂಕನ್ನು ಮತ್ತೆ ಕೂರಿಸಿ ಬೋಲ್ಟು ಬಿಗಿಯುವಾಗ ಪೈಪು ಅಡಿಯಲ್ಲಿ ಸಿಕ್ಕಿ ಮಡಿಸಿಹೋಗುವುದು ಸಾಮಾನ್ಯ; ಬಿಗಿಯುವ ಮುನ್ನ ಕೈಯಾಡಿಸಿ ನೋಡಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂಬದಿಯ ಸೀಟನ್ನು ಒತ್ತಿ, ಯಾವುದೂ ಪೈಪನ್ನು ಎಳೆಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ತುದಿಯನ್ನು ಓರೆಯಾಗಿ ಕತ್ತರಿಸಿ. ನೇರವಾಗಿ ಕತ್ತರಿಸಿದ ಬಾಯಿಗೆ ಒಂದು ಹನಿ ನೀರು ಅಥವಾ ಒಂದು ಚೂರು ಕೆಸರು ಅಡ್ಡ ನಿಂತರೂ ಮುಚ್ಚಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಓಡಿಸುವವರಿಗೆ ಇದು ಬಹಳ ಮುಖ್ಯ. ಬೇಸಿಗೆಯಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಇನ್ನೊಂದನ್ನು ಗಮನಿಸಬೇಕು: ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಇಂಥ ತೆರೆದ ಕೊಳವೆ ಬಹು ಇಷ್ಟ.

ನೀರಿನ ಪೈಪು ಮತ್ತು ಉಸಿರಿನ ಪೈಪನ್ನು ಒಂದಕ್ಕೊಂದು ಸೇರಿಸಿ ಒಂದೇ ತುದಿ ಮಾಡುವವರಿದ್ದಾರೆ. ಬೇಡ. ಆ ತುದಿ ಕಟ್ಟಿಕೊಂಡರೆ ಮುಚ್ಚಳದ ಮಳೆನೀರು ಉಸಿರಿನ ದಾರಿ ಹಿಡಿದು ಟ್ಯಾಂಕಿಗೆ ಹೋಗುವ ಸಂಭವವಿದೆ. ಎರಡೂ ಬೇರೆ ಬೇರೆಯಾಗಿ ಇಳಿಯಲಿ.

ಕೆಲವು ಗಾಡಿಗಳಲ್ಲಿ ಉಸಿರಿನ ಪೈಪಿನ ನಡುವೆ ಒಂದು ಪುಟ್ಟ ವಾಲ್ವು ಇರುತ್ತದೆ. ಗಾಡಿ ಮಗುಚಿದಾಗ ಪೆಟ್ರೋಲು ಸುರಿಯದಂತೆ ತಡೆಯುವುದು ಅದರ ಕೆಲಸ. ಡಬ್ಬಿಯ ಜೊತೆಗೆ ಇದನ್ನೂ ಎಸೆಯುವುದುಂಟು. ಖಂಡಿತ ಎಸೆಯಬೇಡಿ. ಅದನ್ನು ಮೊದಲಿದ್ದ ಜಾಗದಲ್ಲಿ, ಮೊದಲಿದ್ದ ದಿಕ್ಕಿನಲ್ಲೇ ನೆಟ್ಟಗೆ ಕೂರಿಸಬೇಕು. ಅಪಘಾತದಲ್ಲಿ ಬಿದ್ದ ಸವಾರನಿಗೂ ಬೆಂಕಿಗೂ ನಡುವೆ ಇರುವುದು ಹೆಬ್ಬೆರಳಿನಷ್ಟು ದಪ್ಪದ ಈ ವಾಲ್ವು.

ಇನ್ನು ಪೈಪಿನ ಜಾತಿ. ಆಸ್ಪತ್ರೆಯ ಗ್ಲೂಕೋಸ್ ಪೈಪು, ಮೀನಿನ ತೊಟ್ಟಿಯ ಪಾರದರ್ಶಕ ಪೈಪು ಇವುಗಳನ್ನು ಹಾಕಿಕೊಡುವವರನ್ನು ನೀವು ನೋಡಿರಬಹುದು. ಪೆಟ್ರೋಲು ತಾಗಿದರೆ ಇವು ಕೆಲವೇ ಕಾಲದಲ್ಲಿ ಮರದಂತೆ ಬಿರುಸಾಗಿ ಬಿರಿಯುತ್ತವೆ. 2025ರ ವೇಳೆಗೆ ನಮ್ಮ ಬಂಕುಗಳಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಗಿದೆ. ಹಳೆಯ ರಬ್ಬರಿಗೆ ಅದು ಇನ್ನಷ್ಟು ಕಠಿಣ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೇ ಆಗಲಿ ನಿಮ್ಮ ಊರಿನ ಬಿಡಿಭಾಗಗಳ ಅಂಗಡಿಯಲ್ಲೇ ಆಗಲಿ, ಎಥನಾಲ್ ತಡೆಯುವ ಪೆಟ್ರೋಲ್ ಪೈಪನ್ನೇ ಕೇಳಿ ಪಡೆಯಿರಿ.

ಕೆಲಸ ಮುಗಿದ ಮೇಲೆ ಪರೀಕ್ಷೆ. ಹತ್ತು ಹದಿನೈದು ಕಿಲೋಮೀಟರು ಓಡಿಸಿ, ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಮುಚ್ಚಳ ತೆರೆಯಿರಿ. ಜೋರಾಗಿ ಗಾಳಿ ಒಳನುಗ್ಗಿದ ಸದ್ದು ಬಂದರೆ ಎಲ್ಲೋ ಕಟ್ಟಿದೆ ಎಂದರ್ಥ. ದಾರಿಯನ್ನು ಮತ್ತೆ ಮೊದಲಿನಿಂದ ನೋಡಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ಸಂಗತಿ ಉಳಿದೇ ಇರುತ್ತದೆ. ಪೈಪಿನ ದಾರಿ ಸರಿಯಾದರೆ ದ್ರವದ ಅಪಾಯ ಕಡಿಮೆಯಾಗುತ್ತದೆ. ಆವಿ ಮಾತ್ರ ಮಾಯವಾಗುವುದಿಲ್ಲ. ಇದ್ದಿಲು ಹಿಡಿದಿಡುತ್ತಿದ್ದ ಆ ಕೆಲವು ಗ್ರಾಂ ಈಗ ಪ್ರತಿದಿನ ಪೈಪಿನ ತುದಿಯಿಂದ ಹೊರಬೀಳುತ್ತದೆ. ಗಾಡಿ ನಿಂತಿರುವುದು ಎಲ್ಲಿ? ನಮ್ಮ ಊರುಗಳಲ್ಲಿ ಕಳ್ಳರ ಭಯಕ್ಕೆ ರಾತ್ರಿ ಗಾಡಿಯನ್ನು ಮನೆಯ ಹಜಾರಕ್ಕೇ ಏರಿಸಿ ಬಾಗಿಲು ಹಾಕುವುದು ರೂಢಿ. ದಿನವಿಡೀ ಕಾದ ಎಂಜಿನ್ನಿನ ಬಿಸಿ ಟ್ಯಾಂಕಿಗೆ ಏರುತ್ತದೆ. ಆವಿ ನೆಲಕ್ಕಿಳಿದು ಹರಡುತ್ತದೆ. ಅದೇ ನೆಲದ ಮೇಲೆ ಚಾಪೆ ಹಾಸಿ ಮಕ್ಕಳು ಮಲಗಿರುತ್ತಾರೆ. ನಾಲ್ಕು ಹೆಜ್ಜೆ ಆಚೆ ದೇವರ ದೀಪವೋ ಗ್ಯಾಸಿನ ಒಲೆಯೋ ಇರುತ್ತದೆ. ಪೆಟ್ರೋಲಿನಲ್ಲಿ ನೂರಕ್ಕೆ ಒಂದು ಪಾಲಿನವರೆಗೆ ಬೆಂಜೀನ್ ಇರಲು ನಮ್ಮ ಮಾನಕಗಳು ಅವಕಾಶ ಕೊಡುತ್ತವೆ. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. ಇದು ಹೆದರಿಸುವ ಮಾತಲ್ಲ. ಮುಚ್ಚಿದ ಮನೆಯಲ್ಲಿ ಯಾರು ಏನನ್ನು ಉಸಿರಾಡುತ್ತಾರೆ ಎಂಬ ಸರಳ ಲೆಕ್ಕ.

ಆದ್ದರಿಂದ ಕ್ಯಾನಿಸ್ಟರ್ ಇರುವ ಗಾಡಿಯಿಂದ ಅದನ್ನು ತೆಗೆಸಬೇಡಿ. ತೆಗೆದಿದ್ದರೆ ಮತ್ತೆ ಹಾಕಿಸಿ. ಮೇಲೆ ಹೇಳಿದ ದಾರಿ, ಹಾಕಿಸುವವರೆಗಿನ ಎಚ್ಚರಿಕೆ ಮಾತ್ರ. ಹೊಗೆ ತಪಾಸಣೆಯ ಚೀಟಿ ಇದೆಯಲ್ಲ ಎನ್ನಬೇಡಿ. ಆ ತಪಾಸಣೆ ಸೈಲೆನ್ಸರಿನ ತುದಿಯನ್ನು ಮಾತ್ರ ನೋಡುತ್ತದೆ, ಟ್ಯಾಂಕಿನ ಉಸಿರನ್ನು ನೋಡುವುದಿಲ್ಲ. ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. ವಾಯುಮಾಲಿನ್ಯದ ಮಾನಕಗಳನ್ನು ಮೀರಿದ ಗಾಡಿಯನ್ನು ಓಡಿಸಿದರೆ, 2019ರ ತಿದ್ದುಪಡಿಯ ನಂತರ, ಹತ್ತು ಸಾವಿರ ರೂಪಾಯಿಗಳವರೆಗೆ ದಂಡ ಬೀಳಬಹುದು.

ಹಳೆಯ ಗಾಡಿ ಕೊಳ್ಳಲು ಹೋದಾಗ ಬಣ್ಣ, ಟೈರು, ಕಾಗದಪತ್ರ ಎಲ್ಲವನ್ನೂ ನೋಡುತ್ತೀರಿ. ಇನ್ನು ಮುಂದೆ ಮೊಣಕಾಲೂರಿ ಟ್ಯಾಂಕಿನ ಅಡಿಯನ್ನೂ ನೋಡಿ. ಇಳಿದ ಪೈಪುಗಳನ್ನು ಕೈಯಲ್ಲಿ ಹಿಡಿದು, ಅವು ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತವೆ ಎಂದು ಕೊನೆಯವರೆಗೂ ಹಿಂಬಾಲಿಸಿ. ಡಬ್ಬಿ ಇಲ್ಲದಿದ್ದರೆ ಅದರ ಬೆಲೆಯನ್ನು ಕಳೆದು ಚೌಕಾಸಿ ಮಾಡಿ, ಮೊದಲ ಸರ್ವೀಸಿನಲ್ಲೇ ಹಾಕಿಸಿಬಿಡಿ. ಈಗಾಗಲೇ ನಿಮ್ಮ ಮನೆಯ ಹಜಾರದಲ್ಲಿ ನಿಂತಿರುವ ಗಾಡಿಯನ್ನು ನೋಡಲು ನಾಳೆಯವರೆಗೆ ಕಾಯಬೇಕಾಗಿಲ್ಲ. ಒಂದು ಟಾರ್ಚಿದ್ದರೆ ಸಾಕು. ಬೆಂಕಿಕಡ್ಡಿ ಮಾತ್ರ ಬೇಡ.